ತಳ ಒರೆಸದ ಜಾಡಿ

“ಗುಬ್ಬಿ, ಇದನ್ನ ನೀನೇ ಅದ್ದು. ನಿನ್ನ ಕೈಯಲ್ಲೇ ಆಗಬೇಕು ಇದು” ಎಂದು ಗಂಡ ದೊಡ್ಡ ಜಾಡಿಯನ್ನು ತಂಗಿಯ ಕೈಗಿತ್ತಾಗ ಅವನ ಹೆಂಡತಿ ಪಕ್ಕದಲ್ಲೇ ನಿಂತು, ಮಣ್ಣಿನ ಪಾತ್ರೆಗೆ ಹೊಳಪಿನ ಬಣ್ಣ ಕೊಡುವ ಗ್ಲೇಜಿನ ಬಕೆಟ್ಟನ್ನು ಕಲಕುತ್ತಿದ್ದಳು. ಮದುವೆಯಾಗಿ ಈ ಶೆಡ್ಡಿಗೆ ಕಾಲಿಟ್ಟಾಗಿನಿಂದ ಆ ಬಕೆಟ್ಟು ಅವಳದು. ತೀರ ನೀರಾದರೆ ಬಣ್ಣ ಹಿಡಿಯದು, ಮೊಸರಿನಷ್ಟು ದಪ್ಪವಾದರೆ ಉರಿಯಲ್ಲಿ ಕರಗಿ ಹರಿಯುತ್ತದೆ ಎಂಬುದನ್ನೆಲ್ಲ ಅವಳು ಪಾತ್ರೆ ಕೆಡಿಸಿ, ಬೈಸಿಕೊಂಡು ಕಲಿತವಳು. ಈಗ ಹದ ಹೇಳುವುದು ನಾದಿನಿ, ಬಕೆಟ್ಟು ಕಲಕುವುದಷ್ಟೇ ಅವಳ ಪಾಲಿಗೆ ಉಳಿದಿತ್ತು.

ನಾದಿನಿ ಕೆಲಸಕ್ಕಿದ್ದ ಪಿಂಗಾಣಿ ಕಾರ್ಖಾನೆ ಮುಚ್ಚಿಹೋಗಿ, ಸ್ವಲ್ಪ ದಿನ ಎಂದು ಅಣ್ಣನ ಮನೆಗೆ ಬಂದಿದ್ದಳು. ಆ ಸ್ವಲ್ಪ ದಿನ ಯಾವಾಗ ಮುಗಿಯುತ್ತದೆಂದು ಯಾರೂ ಕೇಳಿರಲಿಲ್ಲ. ಹುಡುಗಿ ಕೆಟ್ಟವಳಾಗಿದ್ದರೆ ಒಂದು ಸಮಾಧಾನವಾದರೂ ಇರುತ್ತಿತ್ತು. ಬಾಯಿ ತುಂಬ ಅತ್ತಿಗೆ ಎನ್ನುತ್ತಾಳೆ, ಹೇಳುವ ಮೊದಲೇ ಎದ್ದು ಅಡಿಗೆಮನೆ ಸಾರಿಸುತ್ತಾಳೆ, ಬೈಯಲು ಒಂದು ನೆಪವನ್ನೂ ಕೊಡುವುದಿಲ್ಲ. ಅಣ್ಣ ತಂಗಿ ಇಬ್ಬರೂ ಇದೇ ಶೆಡ್ಡಿನ ಮಣ್ಣಿನಲ್ಲಿ ಹೊರಳಾಡಿ ಬೆಳೆದವರು. ಒಬ್ಬರು ಅರ್ಧ ಮಾತಾಡಿದರೆ ಇನ್ನೊಬ್ಬರು ಬಿದ್ದು ಬಿದ್ದು ನಗುತ್ತಾರೆ. ಏನೆಂದು ಕೇಳಿದರೆ ಗಂಡ, “ಅದು ನಿಂಗೆ ಗೊತ್ತಾಗಲ್ಲ ಬಿಡೇ, ನಮ್ಮಪ್ಪನ ಕಾಲದ್ದು” ಅನ್ನುತ್ತಾನೆ. ಅವಳಿಗಾಗುತ್ತಿದ್ದುದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಮುಚ್ಚುವ ಗೋಜಿಗೆ ಅವಳೂ ಹೋಗಿರಲಿಲ್ಲ.

ಅದರ ಮೇಲೆ ಈ ಜಾಡಿ. ಗಂಡ ಇದುವರೆಗೆ ತಿರುಗಿಸಿದ್ದರಲ್ಲೆಲ್ಲ ಇದೇ ದೊಡ್ಡದು, ಇದೇ ಚೆಂದದ್ದು. ಪೇಟೆಯ ಹೊಸ ಅಂಗಡಿಯವನು ಇದನ್ನು ಎದುರಿನ ಗಾಜಿನೊಳಗೆ ಇಡುತ್ತೇನೆಂದು ಒಪ್ಪಿದ್ದ. ಇದಕ್ಕೆ ಬಣ್ಣ ಕೊಟ್ಟವಳೇ ಇನ್ನು ಎಲ್ಲದಕ್ಕೂ ಕೊಡುತ್ತಾಳೆ ಎಂಬುದು ಹೆಂಡತಿಗೆ ಯಾರೂ ಹೇಳದೆಯೇ ಗೊತ್ತಿತ್ತು.

ನಾದಿನಿ ಜಾಡಿಯನ್ನು ಅದ್ದಿ, ಒಂದು ಸುತ್ತು ತಿರುಗಿಸಿ ಮೇಲೆತ್ತಿದಳು. ಎಲ್ಲೂ ಒಂದು ಗೆರೆಯಿಲ್ಲ, ಹನಿಯಿಲ್ಲ.

“ನೋಡೇ, ಹೆಂಗಿದೆ ಕೈ!” ಎಂದ ಗಂಡ.

“ಚೆನ್ನಾಗಿದೆ” ಎಂದಳು. ನಿಜಕ್ಕೂ ಚೆನ್ನಾಗಿದ್ದುದೇ ಅವಳ ಸಂಕಟ.

ಭಟ್ಟಿಯೊಳಗೆ ಪಾತ್ರೆ ಜೋಡಿಸುವ ಕೆಲಸ ಮಾತ್ರ ಅವಳ ಕೈಯಲ್ಲೇ ಉಳಿದಿತ್ತು. ಸೊಂಟ ಮುರಿಯುವ ಕೆಲಸಕ್ಕೆ ಯಾರು ಪೈಪೋಟಿಗೆ ಬರುತ್ತಾರೆ? ಪ್ರತಿಯೊಂದನ್ನೂ ಎತ್ತಿ, ತಳದ ಮೇಲೆ ಹೆಬ್ಬೆರಳು ಆಡಿಸಿ ಒಳಗಿಡಬೇಕು. ತಳದಲ್ಲಿ ಗ್ಲೇಜು ಉಳಿದಿದ್ದರೆ ಉರಿಗೆ ಗಾಜಾಗಿ ಭಟ್ಟಿಯ ಕಲ್ಲುಹಲಗೆಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಒಡೆಯದೆ ಕೀಳಲು ಬರುವುದಿಲ್ಲ. ಜಾಡಿಯ ಸರದಿ ಬಂದಾಗ ಅವಳ ಹೆಬ್ಬೆರಳಿಗೆ ಹಿಟ್ಟಿನಂಥ ನುಣುಪು ತಾಗಿತು. ಮಾತಿನ ಭರದಲ್ಲಿ ನಾದಿನಿ ತಳ ಒರೆಸುವುದನ್ನೇ ಮರೆತಿದ್ದಳು.

ಒದ್ದೆ ಸ್ಪಂಜು ಮೊಣಕಾಲಿನ ಪಕ್ಕದಲ್ಲೇ ಇತ್ತು. ಹೊರಗೆ ನಾದಿನಿ ಏನೋ ಅಂದಳು. ಗಂಡ ಉಸಿರು ಕಟ್ಟುವಷ್ಟು ನಕ್ಕ. ಅವಳು ಜಾಡಿಯನ್ನು ಖಾಲಿ ಹಲಗೆಯ ನಟ್ಟನಡುವೆ, ಮೈಗೆ ಗೀರಾಗದ ಹಾಗೆ ಮೆಲ್ಲನೆ ಇಟ್ಟಳು. ನಾನೇನೂ ಮಾಡಲಿಲ್ಲವಲ್ಲ ಎಂದುಕೊಂಡಳು. ಬಾಗಿಲು ಮುಚ್ಚುವಾಗಲೂ, ಗಂಡ ಉರಿ ಹಚ್ಚುವಾಗಲೂ ಅದನ್ನೇ ಅಂದುಕೊಂಡಳು.

ಭಟ್ಟಿ ಆರಿದ ಮೇಲೆ ಬಾಗಿಲು ತೆರೆದರೆ, ಜಾಡಿ ಕೆರೆಯ ನಡುನೀರಿನ ಹಸಿರಿಗೆ ತಿರುಗಿತ್ತು. ಅವಳು ಕೂಡ ಒಂದು ಗಳಿಗೆ ಎಲ್ಲ ಮರೆತು ನೋಡಿದಳು. ಗಂಡ ಎರಡೂ ಕೈಯಿಂದ ಎತ್ತಹೋದ. ಹಲಗೆಯೂ ಜೊತೆಗೆ ಎದ್ದಿತು. ಹೊರಗೆ ತಂದು, ಉಳಿಯಿಟ್ಟು ಮೆತ್ತಗೆ ತಟ್ಟಿದ. ಸಣ್ಣಗೆ ಸದ್ದಾಗಿ ತಳದಿಂದ ಕತ್ತಿನವರೆಗೆ ಬಿರುಕು ಓಡಿತು.

ನಾದಿನಿಯ ಮುಖ ಬಿಳಿಚಿಕೊಂಡಿತು. “ಅಣ್ಣ, ನಾನು ತಳ ಒರೆಸಲಿಲ್ವೇನೋ. ನೆನಪೇ ಆಗ್ತಿಲ್ಲ ಕಣೋ.”

“ಸುಮ್ನಿರು. ಒರೆಸದೆ ಇದ್ದಿದ್ರೆ ನಿಮ್ಮತ್ತಿಗೆ ಕೈ ದಾಟಿ ಒಳಗೆ ಹೋಗ್ತಿತ್ತಾ?” ಎಂದ ಅವನು, ಉಳಿಯನ್ನು ಕೆಳಗಿಡುತ್ತ. “ನೀನು ಮರೀತೀಯ, ನಾನೂ ಮರೀತೀನಿ. ಇವಳು ಮರೆಯೋಳಲ್ಲ. ಇವಳು ಜೋಡಿಸಿದ್ದನ್ನ ನಾನು ಇಷ್ಟು ವರ್ಷದಲ್ಲಿ ಒಂದಿನ ತಿರುಗಿ ನೋಡಿಲ್ಲ. ಗ್ಲೇಜು ದಪ್ಪ ಆಗಿ ಮೇಲಿಂದ ಹರಿದಿದೆ, ಅಷ್ಟೆ. ನಿನ್ನ ಕಾರ್ಖಾನೆ ಲೆಕ್ಕ ನಮ್ಮ ಭಟ್ಟಿಗೆ ಆಗಲ್ಲ.” ಆಮೇಲೆ ಹೆಂಡತಿಯತ್ತ ತಿರುಗಿ, “ಇನ್ಮೇಲೆ ಬಕೆಟ್ಟು ನೀನೇ ನೋಡ್ಕೊಳ್ಳೇ. ನಂಗೇ ಬುದ್ಧಿ ಇಲ್ಲ, ನಿನ್ನ ಬಿಟ್ಟು ಇವಳಿಗೆ ಕೊಟ್ಟೆ” ಎಂದ.

“ಹೌದತ್ತಿಗೆ, ಎಷ್ಟು ತೆಳು ಮಾಡ್ಬೇಕು ಅಂತ ನಂಗೂ ಹೇಳಿಕೊಡಿ” ಎಂದು ನಾದಿನಿ ಕಣ್ಣೊರೆಸಿಕೊಂಡಳು.

ಗಂಡನ ಬಾಯಲ್ಲಿ ಕೇಳಬೇಕೆಂದು ಅವಳು ಹಂಬಲಿಸಿದ ಮಾತುಗಳೆಲ್ಲ ಒಟ್ಟಿಗೇ ಬಂದಿದ್ದವು. ಅವಳು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

“ರೀ...”

“ಏನೇ?”

“ಒಳಗಿನ ಪಾತ್ರೆ ಇನ್ನೂ ಬಿಸಿ ಇವೆ. ಬಟ್ಟೆ ಹಿಡ್ಕೊಳ್ಳಿ.”

ಬಾಗಿ ಭಟ್ಟಿಯೊಳಗೆ ತಲೆ ಹಾಕಿದಳು. ಮಿಕ್ಕ ಬಟ್ಟಲು, ತಟ್ಟೆಗಳೆಲ್ಲ ಮುಟ್ಟಿದ ಕೂಡಲೇ ಹಲಗೆ ಬಿಟ್ಟು ಕೈಗೆ ಬಂದವು. ಒಂದೊಂದಾಗಿ ಹಿಂದಕ್ಕೆ ನೀಡುತ್ತ ಹೋದಳು. ಗಂಡ ಯಾವುದರ ತಳವನ್ನೂ ನೋಡದೆ ತೆಗೆದುಕೊಂಡು ಮೇಜಿನ ಮೇಲೆ ಜೋಡಿಸುತ್ತಿದ್ದ.