ಎಲೆ ಹಳದಿಯಾಗುವ ತನಕ

ನೀಲಕಂಠಪ್ಪ ಹುಲ್ಲು ಕತ್ತರಿಸುವ ಯಂತ್ರವನ್ನು ಅಂಗಳದ ಅರ್ಧದವರೆಗೆ ತಳ್ಳಿಕೊಂಡು ಬಂದಿದ್ದರು. ಪಕ್ಕದ ಮನೆಯ ಕುಮುದಾ ಬರಿಗಾಲಲ್ಲೇ ಓಡಿಬಂದು ಅಡ್ಡ ನಿಂತಳು.

"ನಿಲ್ಸಿ ಅಂಕಲ್. ಇವತ್ತೂ ಕತ್ತರಿಸ್ಬೇಕಾ?"

"ಮಣ್ಣು ಮುಗಿಸಿ ಎಲ್ಲಾರೂ ಇಲ್ಲಿಗೇ ಬರ್ತಾರವ್ವಾ. ಅಂಗಳ ಹಿಂಗಿದ್ರ ಆಕಿಗೆ ಕೆಟ್ಟ ಹೆಸರು."

ಹೆಂಡತಿ ಶಿವಬಸವ್ವ ತೀರಿಕೊಂಡು ಎರಡು ದಿನವಾಗಿತ್ತು. ಹನ್ನೊಂದಕ್ಕೆ ಈ ಪರದೇಶದ ಊರು ಜಾರ್ಜ್‌ಟೌನಿನ ಸ್ಮಶಾನದಲ್ಲಿ ಮಣ್ಣು.

ಕುಮುದಾ ಬಗ್ಗಿ ತೋರಿಸಿದಳು. ಯಂತ್ರದಿಂದ ಒಂದು ಮೊಳದಾಚೆ, ಫೆಬ್ರವರಿಯ ಒಣಹುಲ್ಲಿನ ನಡುವೆ, ಬೆರಳುದ್ದದ ತಿಳಿನೇರಳೆ ಮೊಗ್ಗುಗಳು. ಶಿವಬಸವ್ವನ ಕ್ರೋಕಸ್.

"ಹೆಂಗೂ ಈ ಬಿಸಿಲಿಗೆ ಮುಂದಿನ ವರ್ಷ ಬರಂಗಿಲ್ಲ ಬಿಡು."

"ಬಿಸಿಲಿಗಲ್ಲ ಅಂಕಲ್." ಕುಮುದಾ ತಡವರಿಸಿದಳು. "ಹೂವಾದ್ಮೇಲೆ ಎಲೆ ತಾನಾಗೇ ಹಳದಿ ಆಗ್ಬೇಕು. ಗೆಡ್ಡೆ ಊಟ ಮಾಡೋದೇ ಆಗ. ಅಷ್ಟರಲ್ಲಿ ನೀವು ಕತ್ತರಿಸಿಬಿಡ್ತೀರ."

* * *

ಆರು ವರ್ಷದಿಂದ ಹೀಗೇ. ಕ್ರೋಕಸ್ ಅಂದರೆ ಕೇಸರಿಯ ಬಳಗದ ಕಾಡುಹೂವಂತೆ, ಚಳಿ ಉಣ್ಣದೆ ಅರಳುವುದಿಲ್ಲವಂತೆ. ದೀಪಾವಳಿಗೆ ಶಿವಬಸವ್ವ ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಫ್ರಿಜ್ಜಿಗಿಟ್ಟು, ಸಂಕ್ರಾಂತಿಗೆ ಹುಲ್ಲಿನಡಿ ಹೂಳುತ್ತಿದ್ದರು. ಒಮ್ಮೆ ನೀಲಕಂಠಪ್ಪ ಮಹಾರಾಯರು ಸಣ್ಣ ಈರುಳ್ಳಿಯೆಂದು ನಾಲ್ಕನ್ನು ಸುಲಿದೂ ಬಿಟ್ಟಿದ್ದರು.

ಹೂ ಬಾಡಿದ ಮರುದಿನವೇ ಯಂತ್ರ ಹೊರಗೆ ಬರುತ್ತಿತ್ತು. ಹುಲ್ಲು ಬೆಳೆದರೆ ಕಾಲೊನಿಯ ಸಂಘದಿಂದ ನೋಟೀಸು ಬರುತ್ತದೆ. ಕತ್ತರಿಸಿ ಬಂದು ಬೆವರೊರೆಸಿಕೊಳ್ಳುತ್ತ, "ಹೆಂಗೈತಿ?" ಎನ್ನುತ್ತಿದ್ದರು.

ಶಿವಬಸವ್ವ ಮಜ್ಜಿಗೆ ಕೊಡುತ್ತ, "ಭಾಳ ಚಂದ ಆತು ನೋಡ್ರಿ," ಎನ್ನುತ್ತಿದ್ದರು. ಮತ್ತೆ ದೀಪಾವಳಿಗೆ ಹೊಸ ಗೆಡ್ಡೆ ತರುತ್ತಿದ್ದರು. ಕೇಳಿದರೆ, "ಹಳೇವು ಬಿಸಿಲಿಗೆ ತಡೀಲಿಲ್ರಿ."

* * *

"ನನಗ ಯಾಕ ಹೇಳ್ಲಿಲ್ಲ ಆಕಿ?"

"ನಾನೂ ಕೇಳ್ದೆ. 'ಹುಲ್ಲು ಕತ್ತರಿಸಿ ಬಂದಾಗ ಅವರ ಮುಖದ ಖುಷಿ ನೋಡ್ಬೇಕು ನೀನು' ಅಂದ್ರು ಆಂಟಿ."

ಎರಡು ದಿನದಿಂದ ಬಾರದಿದ್ದ ಅಳು ನೀಲಕಂಠಪ್ಪನವರಿಗೆ ಆಗ ಬಂತು.

ವಿಭೂತಿ, ಪತ್ರೆ, ಮೂರು ಹಿಡಿ ಮಣ್ಣು ಹಾಕಿ ಮರಳಿದಾಗ ಬಿಸಿಲೇರಿತ್ತು. ಮೊಗ್ಗುಗಳೆಲ್ಲ ಬಿರಿದಿದ್ದವು. ಅಂಗಳದ ಮೇಲೆ ನೇರಳೆ ಮಂಜು ತೇಲಿದಂತಿತ್ತು. ಒಳಗಿನಿಂದ ಮಜ್ಜಿಗೆ ಕಡೆಯುವ ಸದ್ದು ಬಂದಂತೆಯೂ ಅನಿಸಿತು. ನೀಲಕಂಠಪ್ಪ ಹೂಗಳ ಮುಂದೆ ಹೋಗಿ ನಿಂತರು. ಕಾರುಗಳಿಂದ ಇಳಿಯುತ್ತಿದ್ದ ಜನಕ್ಕೆ ಕೈಯಿಂದ ದಾರಿ ತೋರಿಸಿದರು.

"ಹಿಂಗ ಸುತ್ತು ಹಾಕಿ ಬರ್ರಿ. ಹಿಂಗ."

ಗೆಳೆಯ ಸಂಗನಬಸಪ್ಪ ಕೈ ಹಿಡಿದು, "ನೀ ಒಳಗ ಬಾ, ಕೂಡು," ಎಂದರು.

"ಎಲಿ ಹಳದಿ ಆಗ್ಲಿ, ಬರ್ತೀನಿ."

ಸಂಜೆಗೆ ಹೂಗಳು ಮುಚ್ಚಿಕೊಂಡವು. ಬೆಳಗ್ಗೆ ಕತ್ತರಿಸಿದ ಹುಲ್ಲಿನ ಪಟ್ಟಿ ಅವುಗಳಿಗೆ ಒಂದು ಮೊಳ ಮೊದಲೇ ನಿಂತಿತ್ತು. ಬಂದುಹೋದವರ ಹೆಜ್ಜೆದಾರಿ ಅಲ್ಲಿಂದ ಬಾಗಿ, ಹೂಗಳನ್ನು ಬಳಸಿಕೊಂಡು ಬಾಗಿಲು ಸೇರಿತ್ತು.