ಮಂಡಿಯೊಳಗಿನ ಸೋರೆಬುರುಡೆ

ಹರಳೆಣ್ಣೆಯ ವಾಸನೆ, ಬಿಸಿ ಮಾಡಿ ಹಚ್ಚಿದ್ದು, ಅಂದರೆ ರಾತ್ರಿ ಅಂಕಮ್ಮಜ್ಜಿ ಮತ್ತೆ ತಿಕ್ಕಿದ್ದಾರೆ, ಬೇಡ ಅಂತ ಎಷ್ಟು ಹೇಳಿದ್ದೆ ಎಂದುಕೊಂಡಳು ಚಂದನ — ಎಷ್ಟೇನು, ಒಂದೇ ಸಲ, ಅದೂ ಮೆಲ್ಲಗೆ, ಐಸ್ ಇಡಬೇಕು ಅಜ್ಜಿ, ಮಂಡಿಗೆ ಬಿದ್ದ ಹೊಸ ಪೆಟ್ಟಿನ ಮೇಲೆ ಬಿಸಿ ತಾಗಿಸಬಾರದು, ಅಂದದ್ದಕ್ಕೆ ಅಜ್ಜಿ ಹಂಚಿನ ಮೇಲೆ ಉಪ್ಪಿನ ಗಂಟು ಹೊರಳಿಸುತ್ತಲೇ, ಐಸಂತೆ ಐಸು, ಸತ್ತೋರ್ಗೆ ಇಕ್ತಾರೆ ಕಣವ್ವ ಐಸ್ನ, ನನ್ ಮೊಮ್ಮಗ್ಳು ಬದುಕವ್ಳೆ ಅಂದರು, ಮನೆಯವರೆಲ್ಲ ನಕ್ಕರು, ಅವಳೂ ನಕ್ಕಳು, ನಗಬಾರದಿತ್ತು, ಗಂಟು ಕಿತ್ತುಕೊಳ್ಳಬೇಕಿತ್ತು, ಆದರೆ ಬೇರೆಯವರ ಮನೆಯ ಒಲೆಯ ಮುಂದೆ ನಿಂತು ಹಾಗೆಲ್ಲ ಮಾಡುವುದು ಹೇಗೆ. ಈಗ ಆ ಮೊಮ್ಮಗಳು ರಮ್ಯಶ್ರೀ ಮಂಡ್ಯದ ಮೈದಾನದ ಅಂಚಿನಲ್ಲಿ ಜಮಖಾನೆಯ ಮೇಲೆ ಕಾಲು ಚಾಚಿ ಕೂತಿದ್ದಾಳೆ, ಮಂಡಿ ಚಂದನಳ ಎರಡು ಕೈಗಳ ನಡುವೆ, ಆಚೆ ಮದ್ದೂರಿನ ಹುಡುಗಿಯರು ತೊಡೆ ತಟ್ಟಿಕೊಂಡು ಕಬಡ್ಡಿ ಅಂಕಣಕ್ಕೆ ಇಳಿದಾಗಿದೆ, ಮಳವಳ್ಳಿ ತಂಡ ಬರಬೇಕು, ಮಳವಳ್ಳಿ ತಂಡ, ಮೈಕು ಕೂಗುತ್ತಲೇ ಇದೆ, ಶಾಮಿಯಾನದ ಕೆಳಗೆ ರಾಜ್ಯ ತಂಡಕ್ಕೆ ಆರಿಸುವವರು ಎಳನೀರು ಕುಡಿಯುತ್ತಿದ್ದಾರೆ, ಅವರು ನೋಡಲು ಬಂದಿರುವುದು ರಮ್ಯಳ ರೈಡನ್ನೇ, ಎಲ್ಲರಿಗೂ ಗೊತ್ತು. ಸಿದ್ದರಾಮು ಸರ್ ವಿಸಲನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ, ನೋಡಮ್ಮ, ಇದನ್ನೇ ನಿನ್ ಪ್ರಾಕ್ಟಿಕಲ್ ಅಂದ್ಕೊ, ಆಡ್ಬೋದಾ ಬೇಡ್ವಾ, ನೀನು ಹೇಳ್ದಂಗೆ. ನಾನ್ಯಾಕೆ, ನಾನು ಹೇಳುವುದನ್ನು ಯಾರು ಕೇಳುತ್ತಾರೆ, ಪಿಯುಸಿಯಲ್ಲಿ ಆರೋಗ್ಯ ಮತ್ತು ಚಲನ ವಿಜ್ಞಾನ ತೆಗೆದುಕೊಂಡವರಲ್ಲಿ ಮುಕ್ಕಾಲು ಪಾಲು ಸುಲಭ ಅಂತ ತೆಗೆದುಕೊಂಡವರು, ಚಂದನ ಮಾತ್ರ ಪುಸ್ತಕದ ಮಂಡಿಯನ್ನು ನೋಡಿ ನೋಡಿ ಅಪ್ಪನ ಮಂಡಿ, ಅಮ್ಮನ ಮಂಡಿ, ಬಸ್ಸಿಗೆ ಕಾಯುವಾಗ ಪಕ್ಕದವರ ಮಂಡಿ ಗಮನಿಸುವವಳು — ಚಿಕ್ಕಣ್ಣ ಮಾವ ಕೇಳಿದ್ದನಲ್ಲ, ಕೈಕಾಲ್ ಆಡ್ಸಕ್ಕೂ ಒಂದು ಓದೇನವ್ವ, ನಿಮ್ಮವ್ವ ದಿನಾ ಗದ್ದೇಲಿ ಬಗ್ತಾಳೆ ಏಳ್ತಾಳೆ, ಮದ್ಲು ಅವ್ಳಿಗೊಂದು ಸರ್ಟಿಫಿಕೇಟ್ ಕೊಡ್ಸು. ಕ್ಲಾಸಿನ ವೀಣಳ ಮಣಿಕಟ್ಟು ನೆನಪಾಯಿತು, ನೆನಪಾಗಬಾರದಿತ್ತು ಈಗ, ಮೂಳೆ ಮುರಿದಿದೆ ಎಂದು ತಾನೇ ಪಟ್ಟುಹಿಡಿದು, ರಟ್ಟು ಕಟ್ಟಿ, ಆಟೋದಲ್ಲಿ ಆಸ್ಪತ್ರೆಗೆ ಓಡಿಸಿ, ಏನೂ ಆಗಿರಲಿಲ್ಲ, ಬರೀ ಉಳುಕು, ಅಂದಿನಿಂದ ಕ್ಲಾಸಿಗೆಲ್ಲ ತಾನು ಎಕ್ಸ್‌ರೇ, ಲೇ ಎಕ್ಸ್‌ರೇ ಬಾರೆ, ನನ್ ತಲೇಲಿ ಏನದೆ ನೋಡೆ. ಇವತ್ತೂ ಹಾಗೇ ಆದರೆ, ಸುಮ್ಮನೆ ಎಣ್ಣೆ ತಿಕ್ಕಿದ್ದಕ್ಕೆ ಕೆಂಪಾಗಿದ್ದರೆ, ಕೂರಿಸಿಬಿಟ್ಟು ಆಮೇಲೆ ಡಾಕ್ಟರು ಏನೂ ಇಲ್ಲ ಎಂದರೆ, ರಮ್ಯ ಜನ್ಮದಲ್ಲಿ ಮಾತಾಡಿಸುತ್ತಾಳಾ. ಎಡಗೈಯಿಂದ ತೊಡೆಯ ಕೆಳಭಾಗವನ್ನು ಮಂಡಿಯತ್ತ ಹಿಂಡಿ ತಂದು ಹಿಡಿದಳು, ಬಲಗೈ ಬೆರಳಿಂದ ಮಂಡಿಚಿಪ್ಪನ್ನು ಒತ್ತಿದಳು, ಅದು ಇಳಿಯಿತು, ಒಳಗೆ ಮೂಳೆಗೆ ಟಕ್ಕೆಂದು ತಾಗಿತು, ಬಿಟ್ಟಳು, ತೇಲಿ ಮೇಲೆ ಬಂತು.

ಸೋರೆಬುರುಡೆ. ನಾಲೆಯಲ್ಲಿ ಈಜು ಕಲಿಯುವಾಗ ತನಗೂ ರಮ್ಯಳಿಗೂ ಸೇರಿ ಒಂದೇ ಒಣ ಬುರುಡೆ, ಸರದಿಯ ಮೇಲೆ ಬೆನ್ನಿಗೆ ಕಟ್ಟಿಕೊಳ್ಳುವುದು, ಈಜು ಬಂದ ಮೇಲೆ ಅದೇ ಆಟದ ಸಾಮಾನು, ಯಾರು ಅದನ್ನು ನೀರಿನಡಿ ಹೆಚ್ಚು ಹೊತ್ತು ಅದುಮಿ ಹಿಡೀತಾರೆ, ರಮ್ಯ ಎರಡೂ ಕೈ ಹಾಕುವಳು, ಹೊಟ್ಟೆ ಹಾಕಿ ಮಲಗುವಳು, ಬರಲ್ಲ ಕಣೆ ಇನ್ನು, ಮುಳುಗ್ತು ಕಣೆ, ಅನ್ನುವಷ್ಟರಲ್ಲಿ ಪುಳಕ್ಕನೆ ಪಕ್ಕದಿಂದ ಎದ್ದು ಅವಳ ಗಲ್ಲಕ್ಕೇ ಬಡಿಯುವುದು, ಎಷ್ಟು ನಗು. ರಮ್ಯ ಈಗ ನಗುತ್ತಿಲ್ಲ, ಬೂಟಿನ ದಾರ ಬಿಗಿಯುವವಳ ಹಾಗೆ ಬಗ್ಗಿ ಕಿವಿಯ ಹತ್ತಿರ, ಏನೂ ಇಲ್ಲ ಅನ್ನೆ, ನಿನ್ ದಮ್ಮಯ್ಯ, ಇದೊಂದ್ ಮ್ಯಾಚು, ಆಮೇಲೆ ನೀನು ಹೇಳ್ದಷ್ಟು ದಿನ ಮಲ್ಕತೀನಿ. ಉಸಿರು ಬಿಸಿ. ಒಂದೇ ಮ್ಯಾಚು ತಾನೆ, ಬಟ್ಟೆ ಬಿಗಿದು ಕಟ್ಟಿದರೆ ಆಗಲೂಬಹುದು, ಆದರೆ ರೈಡಿನಲ್ಲಿ ಕಾಲು ಊರಿ ಗಿರ್ರನೆ ತಿರುಗಬೇಕು, ಮೇಲೆ ನಾಲ್ಕು ಜನ ಬೀಳುತ್ತಾರೆ, ಮೂಳೆ ಹಿಡಿದಿಡುವ ಒಳಗಿನ ಹುರಿ ಹರಿದರೆ ಮತ್ತೆ ಎಂದೂ ಹೀಗೆ — ಸರ್ ಬಗ್ಗಿದರು, ಏನಮ್ಮ ಚಂದನ. ಇನ್ನೊಂದು ಸಲ, ತಪ್ಪಾಗಿರಲಿ ದೇವರೇ, ವೀಣಳ ಕೈಯಂತೆಯೇ ಆಗಲಿ, ಎಲ್ಲರೂ ನಗಲಿ, ಒತ್ತಿದಳು, ಇಳಿಯಿತು, ಟಕ್ಕ್, ಬಂತು. ಬೇಡ ಸಾರ್, ಒಳಗೆ ನೀರು ತುಂಬ್ಕೊಂಡದೆ, ತನ್ನದೇ ದನಿ ಎಷ್ಟು ಸಣ್ಣಗೆ ಕೇಳಿತು, ಮೈಕಿನಲ್ಲಿ ಮುಳುಗಿಹೋಯಿತೇನೋ, ಇಲ್ಲ, ಸರ್ ನೆಟ್ಟಗಾದರು, ನೀನು ಕೂತ್ಕೊಮ್ಮ ರಮ್ಯ, ಚೈತನ್ಯಾ ನೀನು ಇಳಿ ಅಂದರು, ರಮ್ಯ ಎಕ್ಸ್‌ರೇ ಎಂದಾದರೂ ಅನ್ನಬಾರದಿತ್ತೇ, ತನ್ನ ಹೆಬ್ಬೆರಳು ತಂದು ಮಂಡಿಯ ಮೇಲೆ ಇಟ್ಟುಕೊಂಡಳು, ಅಂಕಣದ ಕಡೆ ನೋಡುತ್ತಲೇ ಒತ್ತಿದಳು, ಬಿಡಲಿಲ್ಲ, ಇನ್ನೂ ಒತ್ತಿದಳು, ಉಗುರು ಬೆಳ್ಳಗಾಗುವಷ್ಟು, ಮುಳುಗ್ತು ಕಣೆ, ಬರಲ್ಲ ಕಣೆ ಇನ್ನು, ಮೈ ಭಾರವೆಲ್ಲ ಆ ಹೆಬ್ಬೆರಳಿಗೆ, ನೀರಿನಡಿ ಬುರುಡೆ, ಬುರುಡೆಯ ಮೇಲೆ ಹುಡುಗಿ, ಕೈ ಜಾರಿತು, ಬಂತು.