ಮುಚ್ಚಿದ ಕವಲು

ಶಿವರಾಮುವಿನ ಆಸ್ಪತ್ರೆಯ ತಾರೀಖನ್ನು ಮುಂದಕ್ಕೆ ಹಾಕಿಸಿದವನು ಕೆಂಪರಾಜು. ಊರಿನವರು ಯಾರ ಮೇಲೆ ಬೇಕಾದರೂ ಗೂಬೆ ಕೂರಿಸಲಿ, ಅವನಿಗೆ ಅದು ಗೊತ್ತಿತ್ತು.

ಶಿವರಾಮು ಮಳವಳ್ಳಿ ಕಡೆಯ ಆ ಊರಿನ ನೀರುಗಂಟಿ. ನಾಲೆಯ ನೀರನ್ನು ಗದ್ದೆಗದ್ದೆಗೂ ಸರದಿಯಂತೆ ಹಂಚುವವನು. ಮೇಲಿನ ಗದ್ದೆಯವರ ಬೈಗುಳಕ್ಕೂ ಬಗ್ಗದ, ಬಾಡೂಟಕ್ಕೂ ಬಗ್ಗದ ಆಸಾಮಿ. ಅವನಿದ್ದರೆ ಮಾತ್ರ ನಾಲೆಯ ಕಟ್ಟಕಡೆಯಲ್ಲಿದ್ದ ಕೆಂಪರಾಜುವಿನ ಗದ್ದೆಗೆ ನೀರು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿ, ಒಟ್ಟಿಗೇ ಫೇಲಾದವರು.

ಶಿವರಾಮುವಿಗೆ ಲಿವರಿನಲ್ಲಿ ಗಡ್ಡೆ ಎಂದಾಗ ಮೈಸೂರಿನ ಆಸ್ಪತ್ರೆಗೆ ಜೊತೆಯಲ್ಲಿ ಹೋದವನೂ ಕೆಂಪರಾಜುವೇ. ಡಾಕ್ಟರಮ್ಮ ಕಾಗದದ ಮೇಲೆ ಗೀಚಿ ತೋರಿಸಿದರು. ರಕ್ತನಾಳದ ಮೂಲಕ ವಿಕಿರಣದ ಸಣ್ಣ ಮಣಿಗಳನ್ನು ಗಡ್ಡೆಗೆ ಬಿಡಬೇಕು. ಆದರೆ ಅದೇ ನಾಳದಿಂದ ಹೊಟ್ಟೆ, ಕರುಳಿಗೂ ಒಂದು ಕವಲು ಹೋಗುತ್ತದೆ. ಮಣಿ ಅತ್ತ ಹರಿದರೆ ಕರುಳೆಲ್ಲ ಹುಣ್ಣು. ಆದ್ದರಿಂದ ಮೊದಲು ಲೋಹದ ಸುರುಳಿಯಿಟ್ಟು ಆ ಕವಲನ್ನು ಮುಚ್ಚುವುದು, ಹದಿನೈದು ದಿನದೊಳಗೆ ಮಣಿ ಬಿಡುವುದು.

ಶಿವರಾಮು ನಕ್ಕುಬಿಟ್ಟ. "ಇದು ನನ್ ಕೆಲ್ಸನೇ ಕಣ್ಲಾ. ಒಂದ್ ಗದ್ದೆಗೆ ನೀರ್ ಬುಡಕ್ ಮುಂಚೆ ಪಕ್ಕದ್ ಮಡೆ ಕಟ್ಟದು."

ಕವಲು ಮುಚ್ಚಿಸಿಕೊಂಡು ಬಂದವನು ಮೂರನೇ ದಿನಕ್ಕೆ ಮುದ್ದೆ ಉಂಡ. ಆಸ್ಪತ್ರೆಗೆ ಮತ್ತೆ ಹೋಗಬೇಕಾದದ್ದು ಗುರುವಾರ. ಸೋಮವಾರವೇ ನಾಲೆಗೆ ನೀರು ಬಿಟ್ಟರು. ಹದಿನೈದು ದಿನ ಬಿಟ್ಟು, ಹದಿನೈದು ದಿನ ನಿಲ್ಲಿಸುವ ಕಟ್ಟು ಪದ್ಧತಿ. ಕೆಂಪರಾಜುವಿನ ಭತ್ತದ ಸಸಿ ನಾಟಿಗೆ ಬಲಿತು ನಿಂತಿತ್ತು. ಗುರುವಾರ ಬೆಳಿಗ್ಗೆಯೇ ಅವನು ಶಿವರಾಮುವಿನ ಮನೆಗೆ ಹೋದ.

"ನಮ್ ನಾಟಿ ಒಂದ್ ಆಗೋಗ್ಲಿ ಕಣ್ಲಾ. ಎಂಗೂ ಮುಚ್ಚವ್ರಲ್ಲ, ಇನ್ನೇನ್ ಅರ್ಜೆಂಟು? ಆಮ್ಯಾಕೆ ನಾನೇ ಕರ್ಕೊಂಡೋಯ್ತೀನಿ."

ಶಿವರಾಮು ಕಾಲಿನ ಚಪ್ಪಲಿ ಕಳಚಿ ಮೂಲೆಗಿಟ್ಟ. "ನೀನೇ ಅಂತೀಯಲ್ಲ, ಆಯ್ತು ಬುಡು."

ನಡುವೆ ನೀರು ನಿಂತ ಹದಿನೈದು ದಿನ ಇವತ್ತು ನಾಳೆ ಎನ್ನುತ್ತಲೇ ಕಳೆಯಿತು, ಒಂದು ಕಟ್ಟು ಎರಡಾಯಿತು. ಆಸ್ಪತ್ರೆಯಿಂದ ಫೋನು ಬಂದಾಗ, ಶಿವರಾಮುವಿನ ಹೆಂಡತಿ ಯಶೋದಮ್ಮನ ಕೈಯಿಂದ ಅದನ್ನು ಕಸಿದುಕೊಂಡು "ಮುಂದಿನ್ ವಾರ ಬತ್ತಾರೆ ಕಣಮ್ಮ" ಎಂದವನೂ ಇದೇ ಪುಣ್ಯಾತ್ಮ. ಅವರು ಹೋದದ್ದು ಏಳನೇ ವಾರಕ್ಕೆ.

ಡಾಕ್ಟರಮ್ಮ ಸ್ಕ್ಯಾನಿನ ಚಿತ್ರ ನೋಡಿ ಕನ್ನಡಕ ತೆಗೆದಿಟ್ಟರು. ಮುಚ್ಚಿದ ಕವಲಿನ ಸುತ್ತ ಹೊಸ ಸಣ್ಣ ನಾಳಗಳು ದಾರಿ ಮಾಡಿಕೊಂಡಿದ್ದವು. ಅವನ್ನಾದರೂ ಮುಚ್ಚಬಹುದಿತ್ತಂತೆ. ಆದರೆ ಅಷ್ಟರಲ್ಲಿ ಗಡ್ಡೆ ದೊಡ್ಡ ನಾಳಕ್ಕೆ ಇಳಿದಿತ್ತು, ಲಿವರು ಸೋತಿತ್ತು. ಇನ್ನು ಮಣಿ ಬಿಡುವಂತಿಲ್ಲ ಎಂದರು.

ಕಟ್ಟಿದ ನೀರು ಸುಮ್ಮನೆ ಕೂರುವುದಿಲ್ಲ, ಏಡಿ ಬಿಲ ಹುಡುಕಿಕೊಂಡಾದರೂ ನುಗ್ಗುತ್ತದೆ. ಗದ್ದೆಗಿಳಿದ ಯಾರಿಗೆ ಗೊತ್ತಿಲ್ಲ ಇದು? ಮೂವತ್ತು ವರ್ಷ ನೀರು ಕಟ್ಟಿದವನಿಗೂ, ಆ ನೀರಲ್ಲೇ ಉಂಡವನಿಗೂ ಆಗ ಹೊಳೆಯಲಿಲ್ಲವಲ್ಲ ಎಂದು ಕೆಂಪರಾಜು ಬಸ್ಸಿನ ದಾರಿಯುದ್ದಕ್ಕೂ ತನ್ನನ್ನೇ ಹಳಿದುಕೊಂಡ.

ಭತ್ತ ಹೊಡೆ ಬಿಚ್ಚಿ ತೆನೆ ಕಾಣುವ ಹೊತ್ತಿಗೆ ಶಿವರಾಮು ಜಗುಲಿ ಹಿಡಿದಿದ್ದ. ಕಣ್ಣು ಹಳದಿ, ಹೊಟ್ಟೆ ಊದಿತ್ತು. ಕೆಂಪರಾಜು ಅವನ ಕಾಲ ಬಳಿ ಕೂತು ಅತ್ತೇಬಿಟ್ಟ.

"ತಪ್ಪಾಯ್ತು ಕಣ್ಲಾ. ನಾನ್ ತಡೀದೇ ಇದ್ದಿದ್ರೆ..."

"ನೀ ತಡ್ದೆ ಅಂತ ನಿಂತ್ಕೊಂಡ್ನಾ? ಮೈಯೊಳಿಕೆ ಆ ಮಣಿ ಬುಡಿಸ್ಕಳಕ್ಕೆ ಎದ್ರಿಕೆ ಆಗಿತ್ತು ಕಣ್ಲಾ. ನೀರಿನ್ ನೆಪ ಸಿಕ್ತು."

ಕೆಂಪರಾಜುವಿನ ಎದೆ ಒಂದು ಕ್ಷಣ ಹಗುರಾಯಿತು. ಅದಕ್ಕೆ ಅವನಿಗೇ ನಾಚಿಕೆಯೂ ಆಯಿತು. ಶಿವರಾಮು ಉಸಿರು ತೆಗೆದುಕೊಂಡು ಮುಂದುವರಿಸಿದ.

"ಯಶೋದ ಬಡ್ಕೊಂಡ್ಳು. ಅವ್ಳ್ ಮಾತ್ ನಾನ್ ಯಾವತ್ ಕೇಳಿದ್ದೀನಿ? ನೀನಾದ್ರೆ ಕತ್ತಿನ್ ಪಟ್ಟಿ ಇಡ್ದು ಬಸ್ಸತ್ತುಸ್ತೀಯ ಅನ್ಕೊಂಡಿದ್ದೆ. ಅವತ್ತು ನೀನ್ ಬಂದಾಗ ಅದ್ಕೇ ಬಂದೆ ಅಂತ, ಚಪ್ಲಿ ಮೆಟ್ಕೊಂಡೇ ಕೂತಿದ್ದೆ ಕಣ್ಲಾ."